ಹೋದ ದೋಣಿ ಮನೆಗೆ ಬರುವುದು ಹೇಗೆ?

ಈಜು ಬರುವುದಿಲ್ಲ ಎಂದು ಒಪ್ಪಿಕೊಳ್ಳುವುದಕ್ಕೂ ಒಂದು ವಯಸ್ಸಿದೆ. ಹತ್ತು ವರ್ಷದೊಳಗೆ ಒಪ್ಪಿಕೊಂಡರೆ ಯಾರಾದರೂ ಬಾವಿಗೆ ತಳ್ಳಿ ಕಲಿಸುತ್ತಾರೆ. ಎಪ್ಪತ್ತು ದಾಟಿದ ಮೇಲೆ ಒಪ್ಪಿಕೊಂಡರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಷ್ಟವಿರುವುದು ಇವೆರಡರ ನಡುವೆ. ನನಗೀಗ ನಲವತ್ತೇಳು. ದೊಡ್ಡೇರಿ ಹೋಬಳಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ವಸ್ತುಗಳು ನೀರಿನಲ್ಲಿ ಏಕೆ ತೇಲುತ್ತವೆ ಎಂಬ ಪಾಠವನ್ನು ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೇನೆ. ಆ ವಸ್ತುಗಳ ಪೈಕಿ ನಾನು ಸೇರಿಲ್ಲ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಹೇಳುವ ಅಗತ್ಯವೂ ಬಿದ್ದಿರಲಿಲ್ಲ ಅನ್ನಿ. ನಮ್ಮೂರ ಕೆರೆ ಮುಕ್ಕಾಲು ಪಾಲು ವರ್ಷಗಳಲ್ಲಿ ಕ್ರಿಕೆಟ್ ಮೈದಾನ. ಅದರಲ್ಲಿ ಎಡವಿ ಬಿದ್ದವರುಂಟೇ ಹೊರತು ಮುಳುಗಿದವರಿಲ್ಲ. ಚಿಕ್ಕವನಿದ್ದಾಗ ನಮ್ಮಣ್ಣಂದಿರು ತೋಟದ ಬಾವಿಗೆ ಧುಮುಕುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಅವರ ಬಟ್ಟೆ ಕಾಯುತ್ತಿದ್ದೆ. ಯಾರು ಯಾವ ಕಲ್ಲಿನಿಂದ ಹಾರಿದರು, ಯಾರ ಹೊಟ್ಟೆ ನೀರಿಗೆ ಬಡಿದು ಕೆಂಪಾಯಿತು ಎಂಬುದೆಲ್ಲ ನನಗೆ ಬಾಯಿಪಾಠ. ಹೀಗಾಗಿ ದೊಡ್ಡವನಾದ ಮೇಲೆ ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತ ಆ ಕಥೆಗಳನ್ನು ಹೇಳುವಾಗ, 'ಅವರು ಹಾರಿದರು' ಎನ್ನುವ ಬದಲು 'ನಾವು ಹಾರಿದೆವು' ಎನ್ನುತ್ತಿದ್ದೆ. ಮೊದಮೊದಲು ಸಂಕೋಚವಾಗುತ್ತಿತ್ತು. ಕೆಲವು ವರ್ಷದಲ್ಲಿ ಆ ಬಾವಿಯ ತಣ್ಣೀರು ನನ್ನ ಬೆನ್ನಿಗೇ ನೆನಪಾಗತೊಡಗಿತು.

ಎರಡು ಮಳೆಗಾಲ ಚೆನ್ನಾಗಿ ಹಿಡಿದು ಕೊರಟಗೆರೆ ಕಡೆಯ ಒಂದು ಜಲಾಶಯ ತುಂಬಿದಾಗ, ಅಲ್ಲಿ ಶಾಲಾ ಮಕ್ಕಳಿಗೆ ಐದು ದಿನದ ಹಾಯಿದೋಣಿ ಶಿಬಿರ ನಡೆಸುತ್ತೇವೆಂದು ಸುತ್ತೋಲೆ ಬಂತು. ಜೊತೆಗೆ ಬರುವ ಶಿಕ್ಷಕರಿಗೆ ಕಡ್ಡಾಯವಾಗಿ ಈಜು ಬರಬೇಕು ಎಂದಿತ್ತು. ನಮ್ಮ ಹೆಡ್ ಮೇಡಂ ಕನ್ನಡಕದ ಮೇಲಿನಿಂದ ಎಲ್ಲರನ್ನೂ ಒಮ್ಮೆ ನೋಡಿ, "ಇದನ್ನ ಓದೋ ಅಗತ್ಯವೇ ಇಲ್ಲ. ನಮ್ಮಲ್ಲಿ ಬಾವಿ ಹಾರಿದೋರು ಒಬ್ಬರೇ ಇರೋದು" ಎಂದು ಫಾರಂ ನನ್ನ ಮುಂದಿಟ್ಟರು. 'ಈಜು ಬರುತ್ತದೆಯೇ?' ಎಂಬುದರ ಮುಂದೆ ಎರಡು ಚೌಕಗಳಿದ್ದವು. ಎಲ್ಲರೂ ನನ್ನ ಪೆನ್ನನ್ನೇ ನೋಡುತ್ತಿದ್ದರು. ನಾನು 'ಹೌದು' ಎಂದಿದ್ದ ಮೊದಲ ಚೌಕಕ್ಕೆ ಗುರುತು ಹಾಕಿದೆ.

ಹಾಕಿದ ಮೇಲೆ ಸುಮ್ಮನಿರಬಹುದಿತ್ತು. ಆದರೆ ಹೆದರಿದಾಗ ಹೆಚ್ಚು ಪಾಠ ಮಾಡುವುದು ನನ್ನ ಸ್ವಭಾವ. ಒಂಬತ್ತನೇ ತರಗತಿಗೆ ಹೋಗಿ ಹಾಯಿದೋಣಿಯ ಬಗ್ಗೆ ಒಂದು ಪೀರಿಯಡ್ ಪೂರ್ತಿ ಮಾತನಾಡಿದೆ. ಗಾಳಿ ಹಿಂದಿನಿಂದ ತಳ್ಳುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ, ಇಷ್ಟೇ ಸಂಗತಿ ಎಂದೆ. ಆ ವಾರದ ಕಿರುಪರೀಕ್ಷೆಯಲ್ಲಿ ಎರಡಂಕದ ಪ್ರಶ್ನೆಯೊಂದನ್ನೂ ಕೊಟ್ಟೆ: 'ಹಾಯಿದೋಣಿಯು ಗಾಳಿಗೆ ಎದುರಾಗಿ ಚಲಿಸಬಲ್ಲದು. ಸರಿಯೋ ತಪ್ಪೋ? ಕಾರಣ ಕೊಡಿ.' ಎಲ್ಲರೂ 'ತಪ್ಪು' ಎಂದು ನನ್ನ ವಾಕ್ಯವನ್ನೇ ನನಗೆ ತಿರುಗಿಸಿ ಬರೆದಿದ್ದರು. ಸಣ್ಣೀರಮ್ಮ ಎಂಬ ಹುಡುಗಿ ಮಾತ್ರ 'ಸರಿ' ಎಂದು ಬರೆದು, ಕೆಳಗೆ ಒಂದೇ ಸಾಲಿನ ಕಾರಣ ಕೊಟ್ಟಿದ್ದಳು: 'ಇಲ್ಲದಿದ್ದರೆ ಹೋದ ದೋಣಿ ಮನೆಗೆ ಬರುವುದು ಹೇಗೆ?'

ಸಣ್ಣೀರಮ್ಮನದು ಕುರಿ ಸಾಕುವ ಮನೆ. ಬೆಳಿಗ್ಗೆ ಹೊರಟದ್ದು ಸಂಜೆಗೆ ಹಟ್ಟಿ ಸೇರಬೇಕು ಎಂಬುದು ಆ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಕಲಿಸದ ಪಾಠ. ನಾನದನ್ನು ಯೋಚಿಸಲಿಲ್ಲ. ಕೆಂಪು ಪೆನ್ನಿನಲ್ಲಿ 'ಕಾರಣ ಸರಿಯಿಲ್ಲ' ಎಂದು ಬರೆದು ಸೊನ್ನೆ ಸುತ್ತಿದೆ. ಅವಳಿಗೆ ಇಪ್ಪತ್ತೈದಕ್ಕೆ ಇಪ್ಪತ್ತಮೂರು ಬಂತು. ಉತ್ತರಪತ್ರಿಕೆ ಹಿಡಿದು ಮೇಜಿನ ಹತ್ತಿರ ಬಂದಳು.

"ಸಾ, ಗಾಳಿ ಒಂದೇ ಕಡೆಯಿಂದ ಬೀಸ್ತಿದ್ರೆ ದೋಣಿಯೋರು ಏನ್ ಮಾಡ್ತಾರೆ?"

"ಕಾಯ್ತಾರೆ ಕಣಮ್ಮ. ಗಾಳಿ ತಿರುಗೋವರೆಗೂ ಕಾಯ್ತಾರೆ."

"ಮನೇಲಿ ಬೈಯ್ಯಲ್ವಾ ಸಾ?"

ತರಗತಿ ನಕ್ಕಿತು, ನಾನೂ ನಕ್ಕೆ. ಅವಳು ನಗಲಿಲ್ಲ. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಜಾಮೆಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡಳು.

ಶಿಬಿರದಲ್ಲಿ ಹಾಯಿ ಕಲಿಸುವವರು ಹನುಮಂತರಾಯಪ್ಪ ಎಂಬ ನಿವೃತ್ತರು. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ಕಡಲೆಕಾಯಿ ಹೊಲದಲ್ಲಿ ಹುಟ್ಟಿ ನೌಕಾಪಡೆಗೆ ಸೇರಿ, ಅರ್ಧ ಆಯಸ್ಸು ಸಮುದ್ರದ ಮೇಲೆ ಕಳೆದವರು. ಅವರ ಮಾತಿನಲ್ಲಿ ಪಾವಗಡದ ತೆಲುಗು ಒಂದು ಚೂರೂ ಕರಗಿರಲಿಲ್ಲ. ಮೊದಲ ದಿನವೇ ದಡದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಏಮಪ್ಪಾ, ಗಾಳಿ ಎಲ್ಲಿಂದ ಬರ್ತೈತೆ? ಚೂಡಂಡಿ, ನೋಡ್ರಿ" ಎಂದರು. ನಾನು ಎಲ್ಲೋ ಓದಿದಂತೆ ತೋರುಬೆರಳನ್ನು ಬಾಯಲ್ಲಿ ಒದ್ದೆ ಮಾಡಿ ಮೇಲಕ್ಕೆತ್ತಿದೆ. ಮಕ್ಕಳು ಬಗ್ಗಿ ಒಂದೊಂದು ಹಿಡಿ ಒಣ ಮಣ್ಣು ತೆಗೆದು, ತಲೆಯ ಮಟ್ಟಕ್ಕೆ ಎತ್ತಿ, ಬೆರಳ ಸಂದಿಯಿಂದ ಸಣ್ಣಗೆ ಸುರಿದರು. ಕಣದಲ್ಲಿ ರಾಗಿ ತೂರುವ ಮುಂಚೆ ಅವರ ಮನೆಯವರು ನೋಡುವುದೂ ಹೀಗೆಯೇ. ಇಪ್ಪತ್ತು ಮಕ್ಕಳ ಮಣ್ಣೂ ಒಂದೇ ಕಡೆಗೆ ಹಾರಿತು. ಅದು ನಾನು ನಿಂತಿದ್ದ ಕಡೆ.

"ಚಾಲಾ ಬಾಗುಂದಿ!" ಎಂದು ಹನುಮಂತರಾಯಪ್ಪ ಚಪ್ಪಾಳೆ ತಟ್ಟಿದರು. "ಇವ್ರಿಗೆ ಮನೇಲೇ ಅರ್ಧ ಕಲಿಸಿ ಕಳಿಸ್ಬುಟ್ಟವ್ರೆ. ನೀವು ಕಣ್ಣು ತೊಳ್ಕೊಂಡು ಬನ್ನಿ ಸಾರ್."

ಎರಡನೆಯ ದಿನ ನನ್ನ ವಿಜ್ಞಾನ ಕುಸಿಯಿತು. ಹನುಮಂತರಾಯಪ್ಪ ಒಬ್ಬರೇ ಒಂದು ಪುಟ್ಟ ದೋಣಿಯಲ್ಲಿ ಗಾಳಿ ಬರುವ ದಿಕ್ಕಿಗೇ ಹೊರಟರು. ನೇರವಾಗಿ ಅಲ್ಲ; ಸ್ವಲ್ಪ ಎಡಕ್ಕೆ ಓರೆಯಾಗಿ, ಆಮೇಲೆ ತಿರುಗಿಸಿ ಬಲಕ್ಕೆ ಓರೆಯಾಗಿ, ಮತ್ತೆ ಎಡಕ್ಕೆ. ಹತ್ತು ನಿಮಿಷದಲ್ಲಿ ಗಾಳಿಯ ತವರಿಗೇ ಹೋಗಿ ಮುಟ್ಟಿದರು. ನಮ್ಮ ಮಕ್ಕಳ ಸಾಲಿನಲ್ಲಿದ್ದ ಸಣ್ಣೀರಮ್ಮ ದೋಣಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ಆಕಾಶ ನೋಡಿದೆ.

ಆದರೂ ಕುತೂಹಲ ಎನ್ನುವುದು ಮರ್ಯಾದೆಗಿಂತ ದೊಡ್ಡದು. ಊಟದ ಹೊತ್ತಿಗೆ ಅವರ ಪಕ್ಕ ಕೂತು ಮೆಲ್ಲಗೆ ಕೇಳಿಯೇಬಿಟ್ಟೆ. ಹಿಂದಕ್ಕೆ ತಳ್ಳುವ ಗಾಳಿಯೇ ಮುಂದಕ್ಕೆ ಒಯ್ಯುವುದೆಂದರೆ ಏನು? ಬೈಯುವ ಬಾಯಿಂದಲೇ ಸಾಲ ಮಂಜೂರು ಮಾಡಿಸಿಕೊಂಡ ಹಾಗಲ್ಲವೇ? ಅವರು ಸಾರಿನಲ್ಲಿದ್ದ ಹುಣಸೆ ಬೀಜವೊಂದನ್ನು ಎತ್ತಿ ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಒತ್ತಿದರು. ಅದು ಚಂಗನೆ ಹಾರಿ ನನ್ನ ಮಜ್ಜಿಗೆ ಲೋಟಕ್ಕೆ ಬಿತ್ತು. "ಅದೀ ಲೆಕ್ಕ! ಈ ಬೆರಳು ಗಾಳಿ, ಹಾಯಿನ ಒತ್ತುತ್ತೆ. ಈ ಬೆರಳು ನೀರು, ದೋಣಿ ಹೊಟ್ಟೆ ಕೆಳಗೆ ಒಂದು ಹಲಗೆ ಐತಲ್ಲ, ಅದನ್ನ ಒತ್ತುತ್ತೆ. ಎರಡು ಕಡೆ ಒತ್ತಿದ್ರೆ ಬೀಜ ಎಲ್ಲಿಗೆ ಹೋಗ್ಬೇಕು ಸಾರ್? ಮುಂದಕ್ಕೇ." ನಾನು ಆ ಮಧ್ಯಾಹ್ನವೆಲ್ಲ ಒದ್ದೆ ಹುಣಸೆ ಬೀಜ ಹಾರಿಸುತ್ತ ಕೂತಿದ್ದೆ. ಇಷ್ಟು ಚೆಂದದ ವಿಷಯ ನನ್ನ ತಟ್ಟೆಯಲ್ಲೇ ನಲವತ್ತೇಳು ವರ್ಷದಿಂದ ಬಿದ್ದಿತ್ತಲ್ಲ ಎಂದು ನಿಜವಾಗಿಯೂ ಸಂತೋಷವಾಯಿತು. ಸಣ್ಣೀರಮ್ಮನ ಎರಡು ಅಂಕ ನೆನಪಾದಾಗ ಸಂತೋಷ ಕಡಿಮೆಯಾಯಿತು. ಕರೆದು ಕೊಟ್ಟುಬಿಡಬಹುದಿತ್ತು. ಆದರೆ ಮೇಷ್ಟ್ರು ಒಮ್ಮೆ ಸುತ್ತಿದ ಸೊನ್ನೆಯನ್ನು ಬಿಚ್ಚುವುದು ಬಲು ಕಷ್ಟ. ಊರಿಗೆ ಹೋದ ಮೇಲೆ ನೋಡೋಣ ಎಂದುಕೊಂಡೆ.

ನಾಲ್ಕು ದಿನ ಹೊಟ್ಟೆನೋವು, ಹಾಜರಿ ಪುಸ್ತಕ, ಮಕ್ಕಳ ಚಪ್ಪಲಿ ಕಾಯುವ ಕೆಲಸ ಎಂದು ಏನೇನೋ ನೆಪ ಹೇಳಿ ದಡದಲ್ಲೇ ಉಳಿದೆ. ಕಡೆಯ ದಿನ ನೆಪ ನಡೆಯಲಿಲ್ಲ. ಪ್ರತಿ ಶಾಲೆಯ ಶಿಕ್ಷಕರನ್ನೂ ಅವರ ವಿದ್ಯಾರ್ಥಿಯೇ ಒಂದು ಸುತ್ತು ಕರೆದೊಯ್ಯಬೇಕಂತೆ. ಇಬ್ಬರು ಕೂರುವ ದೋಣಿ. ಚುಕ್ಕಾಣಿ ಹಿಡಿದವಳು ಯಾರೆಂದು ಬೇರೆ ಹೇಳಬೇಕಿಲ್ಲ. ನಾನು ಲೈಫ್ ಜಾಕೆಟ್ಟಿನ ಮೇಲೆ ಇನ್ನೊಂದು ಲೈಫ್ ಜಾಕೆಟ್ ಹಾಕಲು ಹೋಗಿ, ಹನುಮಂತರಾಯಪ್ಪ ದಿಟ್ಟಿಸಿದ ಮೇಲೆ ಬಿಟ್ಟೆ.

ಹೋಗುವಾಗ ಸ್ವರ್ಗ. ಗಾಳಿ ಬೆನ್ನಿಗಿತ್ತು. ದೋಣಿ ಸದ್ದಿಲ್ಲದೆ ಜಾರಿತು, ದೂರದ ಗುಡ್ಡಗಳು ಒಂದೊಂದಾಗಿ ಸರಿದವು. "ನೋಡಿದೆಯೇನಮ್ಮ, ನಾನು ಹೇಳಿರಲಿಲ್ಲವೇ, ಗಾಳಿ ಹಿಂದಿನಿಂದ ತಳ್ಳುತ್ತೆ" ಎಂದೂ ಅಂದುಬಿಟ್ಟೆ. ಅವಳು ಏರಿಯ ಹತ್ತಿರ ದೋಣಿಯನ್ನು ತಿರುಗಿಸಿದಳು. ಗಾಳಿ ಈಗ ಮುಖಕ್ಕೆ ಹೊಡೆಯಿತು. ದೋಣಿ ಒಂದು ಪಕ್ಕಕ್ಕೆ ವಾಲಿತು. ನಾನು ಎದ್ದುಹೋಗಿ ಹಾಯಿಯ ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡೆ.

"ಮೋಟಾರು ದೋಣಿ ಬರ್ಲಿ ಕಣಮ್ಮ, ಎಳ್ಕೊಂಡು ಹೋಗ್ತಾರೆ. ಕಾಯೋಣ."

"ಯಾಕ್ ಸಾ ಕಾಯೋದು? ನಮ್ ತಾತ ಕುರೀನ ಗುಡ್ಡಕ್ಕೆ ನೆಟ್ಟಗೆ ಹತ್ತಿಸ್ತೈತಾ? ನೆಟ್ಟಗೆ ಹೋದ್ರೆ ಏದುಸಿರು ಬಂದು ನಿಂತ್ಕಂಬುಡ್ತವೆ. ಅಡ್ಡ ಹೊಡೆದು, ತಿರುಗ್ಸಿ, ಮತ್ತೆ ಅಡ್ಡ. ಇದೂ ಅಂಗೇಯಾ. ತಲೆ ಬಗ್ಗಿಸಿ ಸಾ!"

ಹಾಯಿಯ ಕೆಳಗಿನ ಅಡ್ಡಕೊಳವೆ ಬೀಸಿ ಬಂದು ನನ್ನ ಟೋಪಿಯನ್ನು ಒಯ್ದಿತು. ದೋಣಿ ಇನ್ನೊಂದು ಪಕ್ಕಕ್ಕೆ ವಾಲಿತು. ನಾನು ನಮ್ಮ ತಾಯಿಯನ್ನೂ ಮನೆದೇವರನ್ನೂ ಒಟ್ಟಿಗೆ ಕೂಗಿದೆನಂತೆ; ನನಗೆ ನೆನಪಿಲ್ಲ.

"ಸಾ, ನಿಮ್ಗೆ ಈಜು ಬರಲ್ವಾ?"

"ಯಾಕಮ್ಮ ಹಂಗೆ ಕೇಳ್ತೀಯ?"

"ಈಜು ಬರೋರು ಕಂಬ ತಬ್ಕಳಲ್ಲ ಸಾ."

ಸುತ್ತ ನೀರು. ಫಾರಮ್ಮಿನ ಚೌಕವಾಗಲಿ ಸ್ಟಾಫ್ ರೂಮಿನ ಟೀ ಆಗಲಿ ಅಲ್ಲಿರಲಿಲ್ಲ. "ಬರಲ್ಲ ಕಣಮ್ಮ" ಎಂದೆ. "ಬಾವಿ ಹಾರಿದ್ದು ನಮ್ಮಣ್ಣಂದಿರು. ನಾನು ಬಟ್ಟೆ ಕಾಯ್ತಿದ್ದೆ." ಹೇಳಿದ ಕೂಡಲೇ ಎದೆ ಹಗುರಾಯಿತು. ಅವಳು ಹಗುರಾಗಲು ಬಿಡಲಿಲ್ಲ.

"ಅದಿರ್ಲಿ ಬುಡಿ ಸಾ. ಈಗ ಕಂಬ ಬುಟ್ಟು ಈ ಕಡೆ ಅಂಚಿನ ಮೇಲೆ ಕೂತು ಹಿಂದಕ್ಕೆ ವಾಲ್ಕಳಿ. ನಿಮ್ ಭಾರ ಈ ಕಡೆ ಬೇಕು. ಇಲ್ದಿದ್ರೆ ಮಗುಚ್ಕೊಂತೈತೆ."

ಅಂದರೆ ಬದುಕಬೇಕಾದರೆ ನೀರಿನ ಮೇಲಕ್ಕೇ ವಾಲಬೇಕು. ಇದೂ ಹುಣಸೆ ಬೀಜದ ಹಾಗೆಯೇ ವಿಚಿತ್ರವೆನಿಸಿತು. ಒಂದು ಕೈ ಬಿಟ್ಟೆ. ಆಮೇಲೆ ಇನ್ನೊಂದು. ಅಂಚಿಗೆ ಸರಿದು, ಕಾಲನ್ನು ಒಳಗಿನ ಪಟ್ಟಿಗೆ ಸಿಕ್ಕಿಸಿ, ಬೆನ್ನನ್ನು ಜಲಾಶಯದ ಮೇಲೆ ಚಾಚಿದೆ. ದೋಣಿ ನೆಟ್ಟಗಾಯಿತು. ನಾನು ಜೀವಮಾನವೆಲ್ಲ ಬೈಸಿಕೊಂಡ ಹೊಟ್ಟೆಯ ಭಾರ ಮೊದಲ ಸಲ ಉಪಯೋಗಕ್ಕೆ ಬಂತು. ಅಡ್ಡ, ತಿರುಗು, ಅಡ್ಡ. ಏಳನೆಯ ತಿರುವಿಗೆ ನಾನೇ ಮುಂಚಿತವಾಗಿ ತಲೆ ಬಗ್ಗಿಸಿದೆ. ಹನ್ನೊಂದನೆಯದಕ್ಕೆ ದೋಣಿಯ ಹೊಟ್ಟೆ ದಡದ ಮರಳಿಗೆ ತಾಗಿತು.

ಸಣ್ಣೀರಮ್ಮ ಹಾಯಿ ಇಳಿಸಿದಳು. ಲೈಫ್ ಜಾಕೆಟ್ಟಿನೊಳಗಿನಿಂದ ಪ್ಲಾಸ್ಟಿಕ್ ಕವರು ತೆಗೆದು, ಅದರೊಳಗಿನ ನಾಲ್ಕು ಮಡಿಕೆಯ ಕಾಗದವನ್ನು ಬಿಚ್ಚಿ ನನ್ನ ಮುಂದೆ ಹಿಡಿದಳು.

"ಸಾ, ದೋಣಿ ಮನೆಗೆ ಬಂತು."

ಒದ್ದೆ ಕೈಯಲ್ಲೇ ಹನುಮಂತರಾಯಪ್ಪನವರ ಪೆನ್ನು ಇಸಿದುಕೊಂಡು ಸೊನ್ನೆ ಹೊಡೆದು ಎರಡು ಬರೆದೆ. ಪಕ್ಕದಲ್ಲಿ 'ಕಾರಣ ಸರಿಯಿದೆ' ಎಂದೂ ಬರೆದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಬರೆದ ಅತ್ಯಂತ ಕೆಟ್ಟ ಅಕ್ಷರ ಅದು. ಅಷ್ಟು ನೆಮ್ಮದಿಯಿಂದ ಮತ್ತೇನನ್ನೂ ಬರೆದ ನೆನಪಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಊರಿಗೆ ಬಂದ ಮೇಲೆ ಬೆಳಗಿನ ಪ್ರಾರ್ಥನೆಯಲ್ಲಿ ಸಣ್ಣೀರಮ್ಮ ಶಿಬಿರದ ಅನುಭವ ಓದಿದಳು. ನನ್ನ ಗುಟ್ಟನ್ನು ಅವಳು ಬಿಡಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. 'ನಮ್ಮ ಗುರುಗಳು ಬಹಳ ಹೊತ್ತು ಹಾಯಿಯ ಕಂಬವನ್ನು ಬಿಡಲೇ ಇಲ್ಲ. ಆಮೇಲೆ ತಮ್ಮ ಇಡೀ ಭಾರ ಹಾಕಿ ದೋಣಿ ಮಗುಚದಂತೆ ಕಾಪಾಡಿದರು' ಎಂದು ಬರೆದಿದ್ದಳು. ಶಾಲೆಯೆಲ್ಲ ಚಪ್ಪಾಳೆ ತಟ್ಟಿತು. ಹೆಡ್ ಮೇಡಂ ಅಲ್ಲೇ ನಿಂತು, ಮುಂದಿನ ವರ್ಷವೂ ಇವರೇ ಹೋಗುತ್ತಾರೆ, ಅಷ್ಟೇ ಅಲ್ಲ, ಹೊರಡುವ ಮುಂಚೆ ಮಕ್ಕಳಿಗೆಲ್ಲ ಇವರೇ ಈಜು ಕಲಿಸುತ್ತಾರೆ ಎಂದು ಸಾರಿಬಿಟ್ಟರು.

ಆದ್ದರಿಂದ ಈಗ ಪ್ರತಿ ಭಾನುವಾರ ಬೆಳಿಗ್ಗೆ ಊರಾಚೆಯ ಮೆಟ್ಟಿಲುಬಾವಿಯಲ್ಲಿ ಪ್ಯಾಂಟು ಬನಿಯನ್ ಸಮೇತ ಇಳಿಯುತ್ತೇನೆ. ಬೆನ್ನಿಗೆ ಬೆಂಡು ಕಟ್ಟಿ ಕಲಿಸುವುದು ಸಣ್ಣೀರಮ್ಮನ ತಾತ. "ಕೈ ಬಡೀರಿ ಸಾಮಿ, ನೀರೇನ್ ಕಚ್ಚಲ್ಲ" ಎಂದು ನೀರಂಚಿನ ಮೆಟ್ಟಿಲಿನಿಂದ ಕೂಗುತ್ತಾರೆ. ಮೊಮ್ಮಗಳು ಮೇಲಿನ ಮೆಟ್ಟಿಲಲ್ಲಿ ಕೂತು, ಒಂದು ಕಣ್ಣು ಕುರಿಗಳ ಮೇಲಿಟ್ಟು, ನನ್ನ ಅಂಗಿ, ಕನ್ನಡಕ ಕಾಯುತ್ತಾಳೆ. ಬಟ್ಟೆ ಕಾಯುವವರು ಎಷ್ಟು ಚೆನ್ನಾಗಿ ನೋಡಿಕೊಂಡಿರುತ್ತಾರೆಂದು ನನಗಿಂತ ಬಲ್ಲವರಿಲ್ಲ. ಹೋದ ವಾರ ಮೊದಲ ಸಲ ಬೆಂಡಿಲ್ಲದೆ ಬಿಟ್ಟರು. ಮೂರು ಕೈ ಬಡಿದೆ, ಮುಳುಗಿದೆ, ತಾತ ಜುಟ್ಟು ಹಿಡಿದು ಎಳೆದರು.

"ಯಾಕ್ ಸಾ ಮುಳುಗಿದ್ರಿ?" ಎಂದಳು.

ಹೊಟ್ಟೆಯೊಳಗಿನ ನೀರನ್ನು ಉಗುಳಿ, ಮೇಷ್ಟ್ರ ದನಿ ತಂದುಕೊಂಡು ಹೇಳಿದೆ: "ಗಾಳಿ ಜಾಸ್ತಿ ಇತ್ತು ಕಣಮ್ಮ."

ಅವಳು ಬಾವಿಯೊಳಕ್ಕೆ ಬಗ್ಗಿ ನೋಡಿದಳು. ಒಂದು ಹಿಡಿ ಮಣ್ಣು ತೆಗೆದು ಬೆರಳ ಸಂದಿಯಿಂದ ಸುರಿದಳು. ಅದು ನೆಟ್ಟಗೆ ಬಂದು ನನ್ನ ತಲೆಯ ಮೇಲೇ ಬಿತ್ತು.

"ಕಾರಣ ಸರಿಯಿಲ್ಲ ಸಾ" ಎಂದಳು. "ಸೊನ್ನೆ."