ತಿರುಗಿ ಮಲಗುವಷ್ಟು ಜಾಗ

ಲೈಕಾ ಸತ್ತುಹೋದಳೆಂದು ಅಡಿಗೆಮನೆಯ ರೇಡಿಯೋ ಹೇಳಿದಾಗ ಬೆಳಗಿನ ಏಳೂಕಾಲು ಗಂಟೆ. ಸ್ಪುಟ್ನಿಕ್ಕಿನಲ್ಲಿ ಕುಳಿತು ಭೂಮಿಯನ್ನು ಸುತ್ತುತ್ತಿದ್ದ ನಾಯಿ ಈಗ ಬದುಕಿಲ್ಲ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿ, ಅದು ಬೀಟ್‌ರೂಟ್ ಬೆಳೆಯ ವಿಷಯಕ್ಕೆ ಹೋಯಿತು.

ಆ ಗಳಿಗೆಯಲ್ಲಿ ಲಾಂಡ್ರಿ ಕೆಲಸದ ಜಿನಾಯಿದಾ ಸೌಟು ಎತ್ತಿ ಹಿಡಿದಿದ್ದಳು. ಸೌಟಿನ ಕೆಳಗೆ, ಬ್ಯಾಂಡಿನಲ್ಲಿ ತುತ್ತೂರಿ ಊದಿ ನಿವೃತ್ತನಾದ ಗೂರಿ ಇಲ್ಯಿಚ್‌ನ ಬೋಳುತಲೆ ಇತ್ತು. ಅವಳ ಪಾತ್ರೆಯನ್ನು ಒಲೆಯಿಂದ ಇಳಿಸಿ ತನ್ನದನ್ನು ಇಟ್ಟದ್ದು ಅವನ ತಪ್ಪು.

“ಅಮೆರಿಕದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಒಲೆ ಇರಬಹುದು. ಆದರೆ ಆಕಾಶದಲ್ಲಿ ಅವರದ್ದೇನಿದೆ? ಸೊನ್ನೆ! ಅಲ್ಲಿ ನಾವೇ ಮುಂದೆ!” ಎಂದು ಅವನು ಆಗತಾನೇ ಹೇಳಿದ್ದ.

“ಆಕಾಶದಲ್ಲಿ ಮುಂದೆ ಇರಿ, ಬೇಡ ಅಂದೋರ್ಯಾರು? ಒಲೆ ಸಾಲಿನಲ್ಲಿ ಮಾತ್ರ ನನ್ನ ಹಿಂದೆ ನಿಲ್ಲಿ!” ಎಂದು ಅವಳು ಸೌಟು ಎತ್ತಿದ್ದಳು. ಅಷ್ಟರಲ್ಲಿ ಸುದ್ದಿ ಬಂತು.

ಸೌಟು ಮೆಲ್ಲಗೆ ಕೆಳಗಿಳಿಯಿತು.

“ಇಡಿ ಗೂರಿ ಇಲ್ಯಿಚ್,” ಎಂದಳು ಜಿನಾಯಿದಾ. “ನಿಮ್ಮದೇ ಮೊದಲು ಕುದೀಲಿ. ನನ್ನದೇನು ಅವಸರ.”

ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತಿದ್ದ ನಿಕಾನೋರ್ ಬ್ರಷ್ಷನ್ನು ಬಾಯಿಂದ ಹೊರಗೆಳೆದ. ಬೇರೆ ದಿನ ಈ ಮಾತು ಕೇಳಿದ್ದರೆ ಅವನು ಹಬ್ಬ ಮಾಡುತ್ತಿದ್ದ. ಆದರೆ ಇವತ್ತು ಈ ಮನೆಯಲ್ಲಿ ಜಗಳ ಆಗಲೇಬೇಕಾಗಿತ್ತು.

ನಿಕಾನೋರ್ ಗಡಿಯಾರದ ಕಾರ್ಖಾನೆಯ ಕೆಲಸಗಾರ. ಅವನು, ಹೆಂಡತಿ ರಾಯಿಸಾ, ಇಬ್ಬರು ಮಕ್ಕಳು, ಅತ್ತೆ ಪೆಲಗೇಯಾ, ಹೀಗೆ ಐದು ಜನ ಹದಿಮೂರು ಚದರ ಮೀಟರಿನ ಒಂದು ಕೋಣೆಯಲ್ಲಿ ಇದ್ದರು. ರಾತ್ರಿ ಒಬ್ಬರು ಮಗ್ಗುಲು ಬದಲಾಯಿಸಬೇಕಾದರೆ ಉಳಿದ ನಾಲ್ವರಿಗೆ ಮೊದಲೇ ತಿಳಿಸಬೇಕು. ಯುದ್ಧ ಮುಗಿದು ಹನ್ನೆರಡು ವರ್ಷವಾಗಿತ್ತು. ಮಾಸ್ಕೋದ ಅಂಚಿನಲ್ಲಿ ಹೊಸ ಮನೆಗಳು ಏಳುತ್ತಿದ್ದವು. ಅವುಗಳಲ್ಲಿ ಒಂದು ಮನೆಗೆ ನಿಕಾನೋರ್‌ನದೂ ಸೇರಿ ಕಾರ್ಖಾನೆಯ ಎರಡು ಕುಟುಂಬಗಳ ಹೆಸರು ಉಳಿದಿತ್ತು. ಯಾರ ಕಷ್ಟ ಹೆಚ್ಚೆಂದು ನೋಡಲು ವಸತಿ ಸಮಿತಿ ಆ ದಿನ ಸಂಜೆ ನಾಲ್ಕಕ್ಕೆ ಬರುವುದಿತ್ತು. ಅದಕ್ಕೆಂದೇ ಅವನು ರಜೆ ಹಾಕಿದ್ದ.

ನಿಕಾನೋರ್ ಯಾವ ಸಿದ್ಧತೆಯನ್ನೂ ಮಾಡಿರಲಿಲ್ಲ. ಏಳು ಕುಟುಂಬ, ಒಂದು ಅಡಿಗೆಮನೆ, ಒಂದು ಕಕ್ಕಸು. ಕಕ್ಕಸಿನಲ್ಲಿ ಕುಟುಂಬಕ್ಕೊಂದರಂತೆ ಏಳು ದೀಪ, ಹೊರಗೆ ಏಳು ಸ್ವಿಚ್ಚು, ಅವರವರ ಕರೆಂಟಿಗೆ ಅವರವರದೇ ಲೆಕ್ಕ. ಊಟದ ಹಾಗೆ ದಿನಕ್ಕೆ ಮೂರು ಹೊತ್ತು ಜಗಳ. ಸಮಿತಿಯವರು ಕಾಲು ಗಂಟೆ ಅಡಿಗೆಮನೆಯಲ್ಲಿ ನಿಂತರೆ ಸಾಕು, ಕಣ್ಣೊರೆಸಿಕೊಂಡು ಹೊಸ ಮನೆಯ ಬೀಗದಕೈ ಕೊಟ್ಟುಬಿಡುತ್ತಾರೆ ಎಂದು ನಂಬಿದ್ದ.

ರಾಯಿಸಾ ಕೆಲಸಕ್ಕೆ ಹೊರಡುವ ಮುಂಚೆ ಅವನ ಕಿವಿಯಲ್ಲಿ ಹೇಳಿದಳು: “ಹೀಗೆ ಎಲ್ಲರೂ ದೇವದೂತರ ಥರ ಆಡಿದರೆ ನಮ್ಮ ಗತಿ ಏನ್ರೀ? ಏನಾದರೂ ಮಾಡಿ. ಕಿಡಿ ಹಚ್ಚಿ ಸಾಕು, ಬೆಂಕಿ ತಾನೇ ಹತ್ಕೊಳ್ಳುತ್ತೆ.”

ಅವನು ಕೋಣೆಗೆ ಹೋದರೆ ಅಲ್ಲಿ ಅತ್ತೆ, ಸಾವಾದ ಮನೆಯಲ್ಲಿ ಮಾಡುವಂತೆ, ಕನ್ನಡಿಗೆ ಬಿಳಿ ಬಟ್ಟೆ ಹೊದಿಸುತ್ತಿದ್ದಳು. ಪತ್ರಿಕೆಯಲ್ಲಿ ಬಂದಿದ್ದ ಲೈಕಾಳ ಚಿತ್ರವನ್ನು ಕತ್ತರಿಸಿ, ಅದರ ಮುಂದೆ ನೀರಿನ ಲೋಟವಿಟ್ಟು, ಲೋಟದ ಮೇಲೆ ಕಪ್ಪು ರೊಟ್ಟಿಯ ತುಂಡು ಇಟ್ಟಿದ್ದಳು.

“ಅತ್ತೆ, ಇವತ್ತು ಸಮಿತಿ ಬರುತ್ತೆ!”

“ಸಾವು ನಿನ್ನ ಸಮಿತೀನ ಕೇಳಿಕೊಂಡು ಬರುತ್ತೇನಪ್ಪ? ಸರಿ, ಗೋಧಿ ನೆನೆಹಾಕು. ಕುತ್ಯಾ ಮಾಡಬೇಕು.”

“ನಾಯಿಗೆ ತಿಥಿ ಊಟವೇ?”

“ಚರ್ಚಿನ ಪಾದ್ರಿಯೂ ಹಿಂದೊಮ್ಮೆ ಇದೇ ಹೇಳಿದ್ದರು, ಸತ್ತವರ ಪ್ರಾರ್ಥನೇಲಿ ಪ್ರಾಣಿಗಳ ಹೆಸರು ಓದೋ ಪದ್ಧತಿ ಇಲ್ಲ ಅಂತ. ಇಲ್ಲದಿದ್ದರೆ ಇಲ್ಲ. ಅವಳನ್ನ ಬೀದಿಯಿಂದ ಹಿಡಿದು ತಂದಿದ್ದರಂತೆ. ಅವಳಿಗೋಸ್ಕರ ಅಳೋರು ಯಾರಪ್ಪ ಇದ್ದಾರೆ?”

ನಿಕಾನೋರ್ ಗೋಧಿ ನೆನೆಹಾಕಿ ಹೊರಗೆ ಬಂದ.

ಓಣಿಯಲ್ಲಿ ಕಕ್ಕಸಿನ ಬಾಗಿಲು ಹಾರುಹೊಡೆದಿತ್ತು. ಎದುರಿಗೆ ಟವೆಲು ಹೆಗಲ ಮೇಲೆ ಹಾಕಿಕೊಂಡು ಆರು ಜನ.

“ನೀವು ಹೋಗಿ ಜಿನಾಯಿದಾ.”

“ಛೆ ಛೆ, ವಯಸ್ಸಾದವರು ಮೊದಲು. ನೀವು ಹೋಗಿ ಗೂರಿ ಇಲ್ಯಿಚ್.”

“ಹೆಂಗಸರನ್ನು ಬಿಟ್ಟು ಹೇಗೆ ಹೋಗಲಿ?”

ಇಪ್ಪತ್ತು ನಿಮಿಷ ಯಾರೂ ಒಳಗೆ ಹೋಗಲಿಲ್ಲ. ಮರ್ಯಾದೆ ಕೂಡ ಹೊಟ್ಟೆನೋವು ತರಬಲ್ಲದೆಂದು ಆ ಮನೆಗೆ ಅಂದೇ ಗೊತ್ತಾಯಿತು.

ನಿಕಾನೋರ್ ಮೊದಲ ಕಿಡಿ ಹಚ್ಚಿದ. ಅಂದರೆ, ಆರಿಸಿದ. ಜಿನಾಯಿದಾಳ ಮಾಂಸದ ಸಾರು ಅರ್ಧ ಬೆಂದಿದ್ದಾಗ ಒಲೆ ಆರಿಸಿ, “ನಾನೇ ಆರಿಸಿದೆ! ಏನೀಗ?” ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

ಅವಳು ಪಾತ್ರೆಯೊಳಗೆ ನೋಡಿ ನಿಟ್ಟುಸಿರಿಟ್ಟಳು. “ಒಳ್ಳೇದೇ ಮಾಡಿದಿರಿ. ಇಂಥ ದಿನ ಮಾಂಸ ಯಾರಿಗೆ ಇಳಿಯುತ್ತೆ?”

ಬ್ರಹ್ಮಾಸ್ತ್ರ ಅವನ ಬಳಿ ಇನ್ನೂ ಇತ್ತು. ಒಬ್ಬರ ದೀಪವನ್ನು ಇನ್ನೊಬ್ಬರು ಉರಿಸುವುದು ಆ ಮನೆಯಲ್ಲಿ ಕೊಲೆಗಿಂತ ಸ್ವಲ್ಪ ಕಡಿಮೆಯ ಅಪರಾಧ. ಹೋದ ಚಳಿಗಾಲದಲ್ಲಿ ಎರಡು ಕುಟುಂಬ ಅದಕ್ಕಾಗಿ ಕೋರ್ಟು ಹತ್ತಿದ್ದವು. ನಿಕಾನೋರ್ ಹೋಗಿ ಜಿನಾಯಿದಾಳ ಸ್ವಿಚ್ಚು ಒತ್ತಿ, ಖಾಲಿ ಕಕ್ಕಸಿನಲ್ಲಿ ಅವಳ ದೀಪ ಉರಿಯಬಿಟ್ಟು, ಅವಳಿಗೇ ಹೋಗಿ ತಿಳಿಸಿದ.

ಜಿನಾಯಿದಾ ಬಂದು ನೋಡಿದಳು. ಅವಳ ಕೈ ಸ್ವಿಚ್ಚಿನವರೆಗೆ ಹೋಗಿ ನಿಂತಿತು.

“ಉರೀಲಿ ಬಿಡಿ,” ಎಂದಳು ಮೆಲ್ಲಗೆ. “ಮೇಲೆ ಆ ಮಗುವಿಗೆ ಎಷ್ಟು ಕತ್ತಲೋ ಏನೋ.”

ನಿಕಾನೋರ್ ತಾನೂ ಆ ದೀಪವನ್ನು ನೋಡಿದ. ಆದರೆ ಹದಿಮೂರು ಮೀಟರು ನೆನಪಾಗಿ ಗೂರಿ ಇಲ್ಯಿಚ್‌ನ ಕೋಣೆಗೆ ನುಗ್ಗಿದ.

“ರೀ, ನಿಮ್ಮ ತುತ್ತೂರಿ ಕೇಳಿದರೆ ಕರು ಸತ್ತ ಹಸು ಕೂಗಿದ ಹಾಗಿರುತ್ತೆ!”

ಗೂರಿ ಇಲ್ಯಿಚ್‌ಗೆ ಕಣ್ಣು ತುಂಬಿಬಂತು.

“ನನಗೆ ಮೂವತ್ತು ವರ್ಷದಿಂದ ಅನುಮಾನ ಇತ್ತು ಕಣಯ್ಯಾ. ಬಾಯಿಬಿಟ್ಟು ಹೇಳೋ ಧೈರ್ಯ ಯಾರಿಗೂ ಇರಲಿಲ್ಲ. ನೀನೊಬ್ಬ ನನ್ನ ನಿಜವಾದ ಸ್ನೇಹಿತ!” ಎಂದು ಅವನನ್ನು ತಬ್ಬಿಕೊಂಡು, ಎರಡು ಕೆನ್ನೆಗೂ ಮುತ್ತಿಟ್ಟ.

ಗಡಿಯಾರ ನಾಲ್ಕು ಹೊಡೆಯಿತು. ಹೊರಬಾಗಿಲ ಗಂಟೆ ಐದು ಸಲ ಬಾರಿಸಿತು. ಐದು ಅಂದರೆ ನಿಕಾನೋರ್‌ನ ಮನೆಗೆ. ಸಮಿತಿ!

ಅವನು ಹುಚ್ಚನಂತೆ ಅಡಿಗೆಮನೆಗೆ ಓಡಿದ. ಕಪಾಟಿನ ಮೇಲೆ ಜಿನಾಯಿದಾಳ ಪಿಂಗಾಣಿ ಬಟ್ಟಲಿತ್ತು. ತೀರಿಕೊಂಡ ಗಂಡ ಬರ್ಲಿನ್ನಿನಿಂದ ಹಳೆಯ ಕೋಟಿನಲ್ಲಿ ಸುತ್ತಿ ತಂದದ್ದು. ಅದನ್ನು ನೋಡಲು ಬಿಡುತ್ತಿದ್ದಳೇ ಹೊರತು ಮುಟ್ಟಲು ಬಿಡುತ್ತಿರಲಿಲ್ಲ. ನಿಕಾನೋರ್ ಮನಸ್ಸಿನಲ್ಲಿ ಕ್ಷಮೆ ಕೇಳಿ, ಕಣ್ಣು ಮುಚ್ಚಿ, ಮೊಣಕೈಯಿಂದ ತಳ್ಳಿದ. ಬಟ್ಟಲು ನೂರು ಚೂರಾಯಿತು. ಒಂದು ಚೂರು ಅವನ ಬೆರಳು ಕುಯ್ದಿತು. ಅದೇ ಕ್ಷಣ ಸಮಿತಿಯ ಅಧ್ಯಕ್ಷೆ ಸ್ಟೆಪನೀದಾ ಯೆಗೊರೊವ್ನಾ ಅಳತೆಯ ಟೇಪು ಹಿಡಿದು, ಹಿಂದೆ ಇಬ್ಬರು ಸದಸ್ಯರೊಂದಿಗೆ ಬಾಗಿಲಲ್ಲಿ ಕಾಣಿಸಿಕೊಂಡಳು.

ಜಿನಾಯಿದಾ ಚೂರುಗಳನ್ನು ನೋಡಿದಳು. ಮುಖ ಕೆಂಪಾಯಿತು, ಬಿಳಿಚಿತು. ತುಟಿ ನಡುಗಿತು. “ಬಂತು, ಬಂತು,” ಎಂದು ನಿಕಾನೋರ್‌ನ ಆತ್ಮ ಕುಣಿಯಿತು.

“ನಿಕಾನೋರ್ ಪಾವ್ಲೊವಿಚ್,” ಎಂದಳು ಅವಳು, “ಕೈ ತೋರಿಸಿ. ಅಯ್ಯೋ, ರಕ್ತ!” ಎಂದು ತನ್ನ ತಲೆಯ ಬಟ್ಟೆ ಬಿಚ್ಚಿ ಅವನ ಬೆರಳಿಗೆ ಸುತ್ತತೊಡಗಿದಳು. ಗೂರಿ ಇಲ್ಯಿಚ್ ಮೊಣಕಾಲೂರಿ ಚೂರು ಆರಿಸಿದ.

ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

ಕಕ್ಕಸಿನಲ್ಲಿ ಜಿನಾಯಿದಾಳ ದೀಪ ಏಕೆ ಉರಿಯುತ್ತಿದೆಯೆಂದು ಕೇಳಿ ತಿಳಿದು, ಅವಳು ಕೋಣೆ ಅಳೆದಳು. ಹದಿಮೂರಕ್ಕೆ ಸ್ವಲ್ಪ ಕಡಿಮೆಯೇ ಬಂತು. ನಿಕಾನೋರ್‌ಗೆ ಮತ್ತೆ ಜೀವ ಬಂತು. ಆಗ ಕನ್ನಡಿಯ ಮೇಲಿನ ಬಿಳಿ ಬಟ್ಟೆ ಅವಳ ಕಣ್ಣಿಗೆ ಬಿತ್ತು.

“ಯಾರು ಹೋದರು?”

ಪೆಲಗೇಯಾ ಅಜ್ಜಿ ಚಿತ್ರ ತೋರಿಸಿ, ಜೇನು ಬೆರೆಸಿದ ಗೋಧಿಯ ಬಟ್ಟಲು ಮುಂದೆ ಹಿಡಿದಳು. “ಒಂದು ಚಮಚ ತಗೊಳ್ಳಮ್ಮ. ಅವಳಿದ್ದ ಪೆಟ್ಟಿಗೆಯಲ್ಲಿ ತಿರುಗೋಕೂ ಜಾಗ ಇರಲಿಲ್ಲವಂತೆ.”

ಅಧ್ಯಕ್ಷೆ ಟೇಪನ್ನು ನಿಧಾನವಾಗಿ ಸುತ್ತಿ ಜೇಬಿಗೆ ಹಾಕಿಕೊಂಡಳು.

“ನಾನು ದೇವರನ್ನು ನಂಬೋಳಲ್ಲ, ಅಜ್ಜಿ,” ಎಂದಳು. “ನನ್ನ ಮಗ ಯುದ್ಧದಲ್ಲಿ ರ್ಜೆವ್ ಊರಿನ ಹತ್ತಿರ ತೀರಿಹೋದ. ಗೋರಿ ಎಲ್ಲಿದೆ ಅಂತ ಗೊತ್ತಿಲ್ಲ. ಅವನಿಗೂ ನಾನು ಕುತ್ಯಾ ಮಾಡಲಿಲ್ಲ.” ಚಮಚ ತೆಗೆದುಕೊಂಡು, ನಿಂತಲ್ಲೇ ತಿಂದಳು. ಮತ್ತೊಂದು ಚಮಚವನ್ನೂ ತಿಂದಳು.

ಗೂರಿ ಇಲ್ಯಿಚ್ ಪತ್ರಿಕೆ ಹಿಡಿದು ಬಂದ. “ಐದೂಕಾಲಕ್ಕೆ ಸ್ಪುಟ್ನಿಕ್ಕು ನಮ್ಮ ಊರ ಮೇಲೆ ಹಾದುಹೋಗುತ್ತಂತೆ.”

ಏಳು ಕುಟುಂಬವೂ ಸಮಿತಿಯೂ ಅಂಗಳಕ್ಕೆ ಇಳಿದವು. ಕೆಲಸದಿಂದ ಬಂದ ರಾಯಿಸಾ ಮಕ್ಕಳೊಡನೆ ಗೇಟಿನಲ್ಲೇ ನಿಂತಳು. ಹಿಮ ಬಿದ್ದಿತ್ತು. ಆಕಾಶ ತೊಳೆದಿಟ್ಟಂತೆ ನಿರ್ಮಲವಾಗಿತ್ತು. ಬೇಕರಿಯ ಚಿಮಣಿಯ ಹಿಂದಿನಿಂದ ಒಂದು ಬೆಳಕಿನ ಚುಕ್ಕೆ ಎದ್ದಿತು. ಸದ್ದಿಲ್ಲ, ಅವಸರವಿಲ್ಲ. ಯಾರೋ ದೀಪ ಹಿಡಿದು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನಡೆದಂತೆ ಅದು ನಕ್ಷತ್ರಗಳ ನಡುವೆ ನಡೆಯಿತು. ಗಂಡಸರು ಟೋಪಿ ತೆಗೆದರು. ಯಾರೂ ಅಮೆರಿಕದ ಹೆಸರೆತ್ತಲಿಲ್ಲ. ಮನುಷ್ಯ ಇಷ್ಟು ಎತ್ತರಕ್ಕೆ ಕೈ ಚಾಚಿದನಲ್ಲ ಎಂಬ ಬೆರಗು, ಚಾಚಿದ ಆ ಕೈಯಲ್ಲಿ ಒಂದು ಬೀದಿನಾಯಿಯ ಪ್ರಾಣವಿತ್ತಲ್ಲ ಎಂಬ ನಾಚಿಕೆ, ಎರಡೂ ಸೇರಿ ಎಲ್ಲರ ಬಾಯಿ ಕಟ್ಟಿತ್ತು. ಆ ಎರಡು ನಿಮಿಷ ನಿಕಾನೋರ್ ಹೊಸ ಮನೆಯನ್ನು ನಿಜವಾಗಿಯೂ ಮರೆತಿದ್ದ.

ಚುಕ್ಕೆ ಮರೆಯಾದ ಮೇಲೆ ಎಲ್ಲರೂ ಅಡಿಗೆಮನೆಗೆ ಬಂದರು. ಅಧ್ಯಕ್ಷೆ ಮೇಜಿಗೆ ಕುಳಿತು ವರದಿ ಬರೆದು, ಕಣ್ಣೊರೆಸಿಕೊಂಡು ಗಟ್ಟಿಯಾಗಿ ಓದಿದಳು:

“ಇಪ್ಪತ್ತು ವರ್ಷದ ಸೇವೆಯಲ್ಲಿ ನಾನು ಇಂಥ ಮನೆ ಕಂಡಿಲ್ಲ. ಇಲ್ಲಿ ಒಬ್ಬರ ದೀಪ ಎಲ್ಲರಿಗೂ ಉರಿಯುತ್ತದೆ. ಬೆಲೆಬಾಳುವ ವಸ್ತು ಒಡೆದರೆ ಒಡೆದವನ ಗಾಯವನ್ನೇ ಮೊದಲು ಕಟ್ಟುತ್ತಾರೆ. ಅಮೆರಿಕದವರು ಒಬ್ಬೊಬ್ಬರಿಗೂ ಒಂದೊಂದು ಅಡಿಗೆಮನೆ ಇದೆಯೆಂದು ಮೆರೆಯುತ್ತಾರೆ. ಇಂಥ ಒಂದು ಅಡಿಗೆಮನೆ ಅವರಲ್ಲಿದೆಯೇ? ವಸಂತದಲ್ಲಿ ಬರುವ ವಿದೇಶಿ ಅತಿಥಿಗಳಿಗೆ ಇದನ್ನು ಮಾದರಿ ಮನೆಯೆಂದು ತೋರಿಸಬೇಕು. ಆದ್ದರಿಂದ ಇಲ್ಲಿಂದ ಒಬ್ಬರನ್ನೂ ಕದಲಿಸಕೂಡದು.”

ನಿಕಾನೋರ್‌ನ ಹೆಗಲು ತಟ್ಟಿ, “ಅಭಿನಂದನೆ ಕಾಮ್ರೇಡ್,” ಎಂದು ಹೇಳಿ ಅವಳು ಹೊರಟಳು. ರಾಯಿಸಾ ಗೋಡೆ ಹಿಡಿದು ಕುಳಿತುಬಿಟ್ಟಳು.

ಹೊರಬಾಗಿಲು ಮುಚ್ಚಿತು. ಮೆಟ್ಟಿಲ ಮೇಲಿನ ಬೂಟಿನ ಸದ್ದು ಅಡಗಿತು. ಜಿನಾಯಿದಾ ಎರಡೂ ಕೈ ಸೊಂಟಕ್ಕಿಟ್ಟಳು.

“ಅಲ್ರೀ! ನನ್ನ ಗಂಡನ ಬಟ್ಟಲಿಗೆ ಯಾರು ಬೆಲೆ ಕೊಡೋರು? ಬೆಳಗ್ಗಿಂದ ನನ್ನ ದೀಪ ಉರೀತಿದೆಯಲ್ಲ, ಅದು ನಿಮ್ಮಪ್ಪನ ಮನೇದೇ? ಗೂರಿ ಇಲ್ಯಿಚ್, ಎತ್ರೀ ನಿಮ್ಮ ಪಾತ್ರೆ ನನ್ನ ಒಲೆಯಿಂದ!”

“ಎತ್ತಲ್ಲ!” ಎಂದು ಗೂರಿ ಇಲ್ಯಿಚ್ ಒಳಗೆ ಹೋಗಿ ತುತ್ತೂರಿ ತಂದ. “ಯಾವನೋ ಇದನ್ನು ಹಸು ಅಂದನಲ್ಲ, ಕೇಳಲಿ ಈಗ!”

ನಿಕಾನೋರ್ ಕಿಟಕಿಗೆ ಓಡಿದ. ಕೆಳಗೆ ಸಮಿತಿಯವರ ಟ್ರಾಮು ತಿರುವಿನಲ್ಲಿ ಮರೆಯಾಗುತ್ತಿತ್ತು.

ಅತ್ತೆ ಅವನ ಪಕ್ಕಕ್ಕೆ ಬಂದು ನಿಂತಳು. “ಇನ್ನೊಂದು ಸ್ವಲ್ಪ ಹೊತ್ತಿಗೆ ಲೈಕಾ ಸುತ್ತು ಹಾಕಿ ಮತ್ತೆ ಬರ್ತಾಳೆ. ಟೋಪಿ ತೆಗಿ. ಯಾರೂ ಪ್ರಾರ್ಥನೆ ಹೇಳಲಿಲ್ಲ ಅಂತ ಆಗಬಾರದು.”

ಹಿಂದೆ ಸೌಟು, ಪಾತ್ರೆ, ತುತ್ತೂರಿ. ನಿಕಾನೋರ್ ಟೋಪಿ ತೆಗೆದ. ಅವನಿಗೆ ಪ್ರಾರ್ಥನೆ ಬರುತ್ತಿರಲಿಲ್ಲ. ಮುದುಕಿ ಹೇಳಿಕೊಟ್ಟಂತೆ, ಬಟ್ಟೆ ಸುತ್ತಿದ ಬೆರಳಿನಿಂದ ಶಿಲುಬೆಯ ಗುರುತು ಮಾಡಿಕೊಂಡು, ಅವನೂ ಹೇಳಿದ:

“ಕರ್ತನೇ, ನಿನ್ನ ಈ ಜೀವಕ್ಕೆ ಶಾಂತಿ ಕೊಡು. ಇಕ್ಕಟ್ಟಿನಲ್ಲಿ ಸತ್ತವಳು. ಬೆಳಕಿರುವ ಕಡೆ, ಹಸಿರಿರುವ ಕಡೆ ಅವಳಿಗೆ ಜಾಗ ಮಾಡಿಕೊಡು. ಮಲಗುವ ಮುಂಚೆ ಮೂರು ಸುತ್ತು ತಿರುಗುವಷ್ಟು ಜಾಗ. ಆಮೆನ್.”