ವಿಷಲ್ ಇಲ್ಲದ ಪಂದಿ ಕರಿ

ಸ್‌ಸ್‌ಸ್ಸ್... ಬೆಳಿಗ್ಗೆ ಹತ್ತಾಯಿತೆಂದರೆ ಮಂಜಲ್‌ಪುರದ ಆ ಹೌಸಿಂಗ್ ಸೊಸೈಟಿಯಲ್ಲಿ ಮನೆಮನೆಯ ಪ್ರೆಷರ್ ಕುಕ್ಕರ್‌ಗಳು ಕೂಗತೊಡಗುತ್ತಿದ್ದವು. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಅಲ್ಲಿ ಬಾಡಿಗೆಗಿದ್ದ ನನ್ನ ಭಾವ, ಎಂದರೆ ಗಂಡನ ಅಣ್ಣ, ಕೊಡಗಿನ ಆರಡಿ ಆಳು. ಅವರು ಪ್ರಪಂಚದಲ್ಲಿ ಹೆದರುತ್ತಿದ್ದುದು ಆ ವಿಷಲ್ಲಿಗೆ ಮಾತ್ರ!

ಕಾರಣವಿತ್ತು. ಗುಜರಾತಿ ರೂಢಿಯಂತೆ ಎಲ್ಲರೂ ಬೆನ್, ಎಂದರೆ ಅಕ್ಕ, ಎಂದು ಕರೆಯುತ್ತಿದ್ದ ಎದುರು ಮನೆಯ ಮುದುಕಿಯೇ ಓನರ್. ಮಾಂಸ ಬೇಯಿಸಿದರೆ ಅಂದೇ ಮನೆ ಖಾಲಿ, ಇದೊಂದೇ ಆಕೆಯ ಕಂಡೀಷನ್. ಆದರೆ ಕೈಲ್ ಮುಹೂರ್ತದ ದಿನ ಆಯುಧ ಪೂಜಿಸಿ, ಹಂದಿಮಾಂಸದ ಪಂದಿ ಕರಿ ಉಣ್ಣದ ಕೊಡವರುಂಟೆ?

"ಎರಡು ವಿಷಲ್ ಅಂದ್ರೆ ಅನ್ನ, ಮೂರು ಅಂದ್ರೆ ದಾಲ್. ಏಳು ಕೂಗಿದ್ರೆ ಆಕೆ ಏನಂತ ತಿಳ್ಕೋಬೇಕು?" ಎನ್ನುತ್ತ ಭಾವ ನಾಲ್ಕನೆಯದಕ್ಕೇ ಮಿಕ್ಸಿ ಹಾಕುವರು. ಖಾಲಿ ಮಿಕ್ಸಿ! ಅವರ ಹೆಂಡತಿ, ನನ್ನ ಪಾಲಿನ ಅಕ್ಕ, ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಹೊಸ ಶತಮಾನಕ್ಕೆ ಎರಡು ಮೂರು ವರ್ಷವಾದಾಗ ಅಕ್ಕ ಹೋಗಿಬಿಟ್ಟರು. ಅಹಮದಾಬಾದಿಗೆ ನಮ್ಮಲ್ಲಿಗೇ ಬಾ ಎಂದು ನನ್ನ ಗಂಡ ಎಷ್ಟು ಕರೆದರೂ ಭಾವ ಒಪ್ಪಲಿಲ್ಲ.

"ಅವಳು ಓಡಾಡಿದ ಮನೆ ಕಣೋ. ಇದನ್ನ ಬಿಟ್ರೆ ನಂಗೆ ಇನ್ನೇನಿದೆ?"

ವರ್ಷಾಂತಿಕ ಕಳೆದು ಬಂದ ಮೊದಲ ಹಬ್ಬಕ್ಕೆ ಅವರದೇ ಫೋನು. "ಫ್ಯಾಮಿಲಿ ಡಿನ್ನರ್ ನಂದು. ಮಾಂಸ ಮಾತ್ರ ನೀವು ತನ್ನಿ. ವೆರಿ ಈಸಿ!"

ಐಸ್ ತುಂಬಿದ ವಾಟರ್ ಜಗ್ಗಿನಲ್ಲಿ ಮಾಂಸವಿಟ್ಟುಕೊಂಡು ರೈಲು ಹತ್ತಿದೆವು. ಆನಂದ್ ಸ್ಟೇಷನ್ ದಾಟುತ್ತಲೇ ಎದುರು ಕೂತ ಅಜ್ಜ ನೀರು ಕೇಳಬೇಕೆ! "ಸಾರಿ, ಮೆಡಿಸಿನ್," ಎಂದುಬಿಟ್ಟೆ. ಸುಳ್ಳಾಡಬಾರದೆಂದು ಕಲಿಸಿದ ಕಾನ್ವೆಂಟಿನ ಸಿಸ್ಟರ್‌ಗಳು ನನ್ನನ್ನು ಕ್ಷಮಿಸಲಿ.

ಈಸಿಯ ಗುಟ್ಟು, ಕರೆಂಟಿನಲ್ಲಿ ನಿಧಾನಕ್ಕೆ ಬೇಯಿಸುವ ಸ್ಲೋ ಕುಕ್ಕರ್. ಲಂಡನ್ನಿನಿಂದ ಮರಳಿದ ಯಾರೋ ಕೊಟ್ಟಿದ್ದರು; ಪಾಪ, ಕೊಟ್ಟವರು ಅದರಲ್ಲಿ ಖಿಚಡಿ ಮಾಡುತ್ತಿದ್ದರಂತೆ. ಕೋವಿ ಕೊಡಗಿನಲ್ಲಿತ್ತಾದ್ದರಿಂದ ಭಾವ ಸ್ಪ್ಯಾನರಿಗೆ ಚೆಂಡುಹೂ ಇಟ್ಟರು, ಕುಕ್ಕರಿಗೂ ಒಂದಿಟ್ಟರು. ಮಾಂಸ, ಹುರಿದ ಮೆಣಸಿನ ಮಸಾಲೆ, ಹುಳಿಗೆ ಕಾಚಂಪುಳಿ ಹಾಕಿ ಮುಚ್ಚಿದರು.

"ಎಂಟು ಗಂಟೆ ತನ್ನಷ್ಟಕ್ಕೆ ಬೇಯುತ್ತೆ. ನೋ ವಿಷಲ್, ನೋ ಟೆನ್ಷನ್!"

ಮಧ್ಯಾಹ್ನದ ಹೊತ್ತಿಗೆ ಪರಿಮಳ ಮೆಟ್ಟಿಲಿಳಿದು ಗೇಟು ತಲುಪಿತ್ತು.

"ಭಾವ, ವಾಸನೆ!"

"ಯಾವ ವಾಸನೆ?"

ಕೆಮಿಕಲ್ ಫ್ಯಾಕ್ಟರಿಯಲ್ಲಿ ದುಡಿದ ಅವರ ಮೂಗು ಎಂದೋ ಸತ್ತಿತ್ತು. ಸದ್ದಿಗಷ್ಟೇ ಹೆದರಿದ ಮನುಷ್ಯ ಗಾಳಿ ಬರಲೆಂದು ಕಿಟಕಿ ಬಾಗಿಲೆಲ್ಲ ತೆರೆದಿಟ್ಟಿದ್ದರು!

ಬಾಗಿಲಲ್ಲಿ ಬೆನ್ ನಿಂತಿದ್ದರು. ಮೂಗಿಗೆ ಸೆರಗು, ಕೈಯಲ್ಲೊಂದು ಬ್ಯಾಗು.

ಭಾವನ ಮುಖ ಬಿಳಿಚಿತು. "ನಾಳೇನೇ ಖಾಲಿ ಮಾಡ್ತೀನಿ, ಬೆನ್," ಎಂದರು ಹಿಂದಿಯಲ್ಲಿ.

"ಅರೆ ಭಾಯಿ, ಭಾಭೀ ಹಬ್ಬಕ್ಕೆ ಎರಡು ದಿನ ಮೊದಲೇ ಬಂದು ಹೇಳ್ತಿದ್ದಳು," ಎಂದರು ಬೆನ್, ಅಕ್ಕನನ್ನು ನೆನೆದು. "ನೀವು ಏಳೋ ಮೊದಲೇ ನಾನು ಸೂರತ್ತಿಗೆ, ಮಗಳ ಮನೆಗೆ ಹೋಗಿಬಿಡ್ತಿದ್ದೆ. ನಾನಿಲ್ಲದಾಗ ಇಲ್ಲಿ ಏನು ಬೇಯುತ್ತೋ ನನಗೇನು ಗೊತ್ತು? ಈ ಸಲ ಯಾರೂ ಹೇಳಲಿಲ್ಲ, ಅದಕ್ಕೇ ಈಗ ಹೊರಟೆ."

"ಅವಳು ನನಗೆ ಒಂದು ಮಾತೂ..."

"ಹೇಳಬೇಡಿ ಅಂದಿದ್ದಳು. ಹೆದರಿಕೊಂಡಿದ್ರೇನೇ ಅವರು ಮುದ್ದಾಗಿರ್ತಾರೆ ಅಂತ." ಬೆನ್ ಮೆಟ್ಟಿಲಿಗೆ ತಿರುಗಿದರು. "ಬೆಳಿಗ್ಗೆ ನನ್ನ ತುಳಸಿಗೆ ನೀರು ಹಾಕಿ. ಅದೂ ಅವಳ ಕೆಲಸವೇ ಆಗಿತ್ತು."

ಸಂಜೆ ಊಟಕ್ಕೆ ಕೂತೆವು. ಮಾಂಸ ಬೆಣ್ಣೆಯಾಗಿತ್ತು. ಭಾವ ತಾವು ಉಣ್ಣದೆ ನಮ್ಮ ಮುಖವನ್ನೇ ನೋಡುತ್ತಿದ್ದರು. "ಅವಳು ಮಾಡಿದ ಹಾಗೇ ಇದೆಯಾ?"

"ಹಾಗೇ ಇದೆ," ಎಂದೆ. ಇದು ಸುಳ್ಳಲ್ಲ.

ಮರುದಿನ ಬೆಳಿಗ್ಗೆ ನಾವು ಹೊರಟಾಗ ಭಾವ ತಲೆಗೆ ಸ್ನಾನ ಮಾಡಿ, ಎದುರು ಬಾಗಿಲಿನ ಮುಂದೆ ಮಂಡಿಯೂರಿ ಕೂತು, ತುಳಸಿಗೆ ಚಮಚದಲ್ಲಿ ನೀರು ಹಾಕುತ್ತಿದ್ದರು. ಹೆಚ್ಚಾದರೆ ಬೇರು ಕೊಳೆತೀತೆಂಬ ಭಯ. ನಾವು ಹೊರಟದ್ದೂ ಅವರಿಗೆ ತಿಳಿಯಲಿಲ್ಲ. ನಾನು ಅವರನ್ನು ಕೊನೆಯ ಸಲ ನೋಡಿದ್ದು ಹಾಗೆ.