ಪೈಪಿನಲ್ಲಿ ಮಜ್ಜಿಗೆ

ಶಿವ ಮನುಷ್ಯನಿಗೆ ಸಿಟ್ಟು ಕೊಟ್ಟದ್ದು ಸಾರಿಗೆ ಖಾರ ಹಾಕಿದ ಹಾಗೆ. ಹದ ತಿಳಿದವರಿಗೆ ರುಚಿ, ತಿಳಿಯದವರಿಗೆ ಕಣ್ಣೀರು. ಸವಣೂರಿನ ವಾಣಿಶ್ರೀಗೆ ಆ ಸೋಮವಾರ ಹದ ತಪ್ಪಿದ್ದು ಒಂದು ಸೊನ್ನೆಯಿಂದ.

ಆಕೆಯ ಕೆಲಸವೇನೆಂದು ಓಣಿಯಲ್ಲಿ ಯಾರಿಗೂ ಪೂರ್ತಿ ತಿಳಿದಿರಲಿಲ್ಲ. ಅಣು ವಿದ್ಯುತ್ ಸ್ಥಾವರಗಳಲ್ಲಿ ಆಪತ್ತಿನ ಹೊತ್ತಿಗೆ ತಣ್ಣೀರು ಒಯ್ಯುವ ಪೈಪುಗಳಿರುತ್ತವೆ. ಭೂಮಿ ನಡುಗಿದರೆ ಅವು ತಾಳುತ್ತವೆಯೇ ಎಂದು ಒಬ್ಬರು ಲೆಕ್ಕ ಹಾಕುತ್ತಾರೆ, ಆ ಲೆಕ್ಕ ಸರಿಯೇ ಎಂದು ಇನ್ನೊಬ್ಬರು ನೋಡಿ ಸಹಿ ಮಾಡುತ್ತಾರೆ. ಆ ಇನ್ನೊಬ್ಬರೇ ವಾಣಿಶ್ರೀ. ಕಂಪನಿ ಇರುವುದು ದೂರದ ಪಟ್ಟಣದಲ್ಲಿ, ಈಕೆ ಇರುವುದು ತನ್ನ ಮನೆಯ ಪಡಸಾಲೆಯಲ್ಲಿ, ನಡುವೆ ಒಂದು ಲ್ಯಾಪ್‌ಟಾಪು.

ಈ ಸಲ ಲೆಕ್ಕ ಹಾಕಿದವನು ಹಿರೇಕೆರೂರಿನ ಲೋಹಿತ. ನಲವತ್ಮೂರನೆಯ ಪುಟದಲ್ಲಿ, ಪೈಪಿನೊಳಗಿನ ನೀರಿನ ತೂಕ ಬರೆಯುವಲ್ಲಿ, ಸೊನ್ನೆ ಹಾಕಿದ್ದ. ಪೈಪನ್ನು ಖಾಲಿ ಎಂದೇ ನಡುಗಿಸಿ ಖಾಲಿ ಎಂದೇ ಪಾಸು ಮಾಡಿದ್ದ. ಸಂಜೆ ಐದರೊಳಗೆ ಸಹಿ ಬೀಳಬೇಕೆಂದು ಮುಖ್ಯಸ್ಥ ಸಿರಾಜುದ್ದೀನ ಸಾಹೇಬರ ಅಪ್ಪಣೆಯಾಗಿತ್ತು. ಸುಳ್ಳು ಲೆಕ್ಕದ ಕೆಳಗೆ ತನ್ನ ಹೆಸರು ಬೀಳಬಾರದು, ವಾಣಿಶ್ರೀಗೆ ಬೇಕಾದದ್ದು ಇಷ್ಟೇ.

ಲೋಹಿತನಿಗೆ ಫೋನು ಹಚ್ಚಿದಳು.

"ಮೇಡಂ, ಆ ಪೈಪ್ ವರ್ಷಾನುಗಟ್ಲೆ ಖಾಲಿನ ಇರತೈತ್ರಿ" ಎಂದ ಅವನು. "ನೀರು ಬರೂದು ಆಪತ್ತು ಬಂದಾಗಷ್ಟ."

"ಆಪತ್ತಿಗಂತನ ಅಲ್ಲೇನೋ ಅದನ್ನ ಹಾಕಿದ್ದು? ನೀರು ತುಂಬಿದ ಮ್ಯಾಲ ಮತ್ತ ನಡುಗಿದ್ರ? ಭೂಮಿ ಒಮ್ಮೆ ನಡುಗಿ, ಇನ್ನ ಸಾಕು ಅಂತ ನಿಮ್ಮ ಮನಿಗೆ ಚೀಟಿ ಕಳಸತೈತೇನು?"

ಲೋಹಿತ ಸಿಟ್ಟಾಗಲಿಲ್ಲ. ಅದೇ ಆಕೆಯ ಬೆಂಕಿಗೆ ತುಪ್ಪವಾಯಿತು. ಇಂಥದ್ದಕ್ಕೆಲ್ಲ ಯಾರು ತಕರಾರು ತೆಗೀತಾರೆ ಎನ್ನುತ್ತ ಎಣ್ಣೆ ಹಚ್ಚಿದ ಪೈಲ್ವಾನನಂತೆ ಹಿಡಿತಕ್ಕೆ ಸಿಗದೆ ಜಾರಿಕೊಂಡ.

ದನಿ ಕೇಳಿ ಪಕ್ಕದ ಮನೆಯ ದಾನವ್ವ ಎಲೆ ಮೆಲ್ಲುತ್ತ ಬಂದಳು. ಅತ್ತೆ ಸೊಸೆಯ ಜಗಳವಲ್ಲ, ಪೈಪಿನ ಜಗಳ ಎಂದು ತಿಳಿದು ಅವಳಿಗೆ ತುಸು ನಿರಾಸೆಯೇ ಆಯಿತು. ಆದರೂ ಬಂದದ್ದು ಬಂದಾಯಿತಲ್ಲ ಎಂದು ಕುಳಿತು ಎಲ್ಲ ಕೇಳಿಸಿಕೊಂಡಳು.

"ಖಾಲಿ ಕೊಡ ಹೊತ್ತು ಎಡವಿದ್ರ ಕೊಡ ಅಷ್ಟ ಉಳ್ಳಾಡತೈತಿ. ತುಂಬಿದ ಕೊಡ ಹೊತ್ತು ಎಡವಿದ್ರ ಕುತ್ತಿಗಿ ಮುರಿತೈತಿ. ಇದನ್ನ ತಿಳಿಯಾಕ ಸಾಲಿ ಕಲೀಬೇಕೇನವಾ?"

ಇಪ್ಪತ್ತು ವರ್ಷದ ವಿದ್ಯೆ ಒಂದು ಮಾತಿನಲ್ಲಿ ಮುಗಿದುಹೋಗಿತ್ತು. ವಾಣಿಶ್ರೀ ಆ ಕ್ಷಣವೇ ಸಾಹೇಬರಿಗೆ ವಿಡಿಯೋ ಕರೆ ಮಾಡಿ ದಾನವ್ವನನ್ನು ಎದುರಿಗೆ ನಿಲ್ಲಿಸಿದಳು. ಬರೀ ಬಾಯಲ್ಲಿ ಹೇಳಿ ತಣಿಯುವ ಜೀವವಲ್ಲ ಅದು. ತೊಲೆಯಲ್ಲಿದ್ದ ತೊಟ್ಟಿಲ ಕೊಂಡಿಗೆ ಹಗ್ಗದಿಂದ ಖಾಲಿ ಕೊಡ ಕಟ್ಟಿ ಅಲುಗಿಸಿದಳು. ಕೊಡ ಕೂಸಿನಂತೆ ತೂಗಿತು. ತುಂಬಿಸಿ ಅಲುಗಿಸಿದಳು. ಕೊಂಡಿ, ತೊಲೆಯ ಒಂದು ಚಕ್ಕೆ, ಕೊಡ, ದಾನವ್ವ, ನಾಲ್ಕೂ ಒಟ್ಟಿಗೆ ನೆಲಕ್ಕಿಳಿದವು. ಪಡಸಾಲೆ ಕೆರೆಯಾಯಿತು.

ಸಪ್ಪಳಕ್ಕೆ ಓಣಿಯೇ ಒಳಗೆ ಬಂತು. ಒದ್ದೆಯಾದ ಯಂತ್ರವನ್ನು ಕಾಳಿನಲ್ಲಿ ಹುಗಿದಿಡಬೇಕೆಂದು ಎದುರು ಮನೆಯ ಫಕ್ಕೀರೇಶ ಎಲ್ಲೋ ಕೇಳಿದ್ದ. ವಾಣಿಶ್ರೀ ಬೇಡ ಬೇಡ ಎನ್ನುವಷ್ಟರಲ್ಲಿ ಲ್ಯಾಪ್‌ಟಾಪು ಜೋಳದ ಚೀಲ ಸೇರಿತ್ತು. ಆ ಚೀಲದೊಳಗಿಂದ ಸಾಹೇಬರ ದನಿ ಬಂತು.

"ಮೇಡಂ, ನಿಮ್ಮ ಮಾತು ಖರೆ ಐತಿ. ಲೆಕ್ಕ ನೀವ ಹೊಸದಾಗಿ ಮಾಡ್ರಿ. ಮಾಡಿದವರು ತಾವ ಪರಿಶೀಲನೆ ಮಾಡೂಹಂಗಿಲ್ಲ, ನಿಯಮ. ಅದನ್ನ ಲೋಹಿತ ನೋಡ್ತಾನ."

ಗೆದ್ದವಳ ಮುಖ ಸೋತವಳದ್ದಾಯಿತು. ಬೆಕ್ಕಿಗೆ ಹಾಲು ಕಾಯಲು ಹೇಳಿದ್ದರೂ ಆಕೆ ಇಷ್ಟು ಉರಿಯುತ್ತಿರಲಿಲ್ಲ. ಬೆಕ್ಕು ಹಾಲನ್ನಾದರೂ ನೋಡುತ್ತದೆ.

ಲ್ಯಾಪ್‌ಟಾಪನ್ನು ಜೋಳದಿಂದ ಹೊರತೆಗೆದು ಕುಳಿತಳು. ಮಧ್ಯಾಹ್ನ ಮೂರಕ್ಕೆ ಲೆಕ್ಕ ಮುಗಿಯಿತು. ಕೊನೆಗೆ ಸಿಟ್ಟು ಕೈ ಹಿಡಿದು ಬರೆಸಿತು. ಪೈಪಿನೊಳಗೆ ಹರಿಯುವುದೇನು ಎಂಬ ಕಡೆ ನೀರು ಎನ್ನುವ ಬದಲು ಮಜ್ಜಿಗೆ ಎಂದು ಹಾಕಿದಳು. ಇವನು ಓದುತ್ತಾನೋ ಇಲ್ಲವೋ ನೋಡಿಯೇ ಬಿಡುತ್ತೇನೆ ಎಂದಳು. ಉಪ್ಪು ಹಾಕಿದ್ದೋ ಸಪ್ಪನೆಯದೋ ಎಂಬುದನ್ನೂ ಬರೆಯಬೇಕಿತ್ತು ಎಂಬುದು ದಾನವ್ವನ ಅಭಿಪ್ರಾಯ.

ಆರು ನಿಮಿಷಕ್ಕೆ ಉತ್ತರ ಬಂತು. "ಪರಿಶೀಲಿಸಿದೆ. ಆಕ್ಷೇಪವಿಲ್ಲ."

ವಾಣಿಶ್ರೀ ಆ ದಿನ ಮೊದಲ ಸಲ ನಕ್ಕಳು. ಮಜ್ಜಿಗೆಯನ್ನೂ ಲೋಹಿತನ ಸಹಿಯನ್ನೂ ಸಾಹೇಬರಿಗೆ ಕಳಿಸಿದಳು. ಸಾಹೇಬರು ಎಂಬತ್ತು ಪುಟವನ್ನೂ ಓದಿ ನಾಲ್ಕೂವರೆಗೆ ಫೋನು ಮಾಡಿದರು.

"ಮಜ್ಜಿಗಿ ಬರದವರು ಯಾರ್ರಿ?"

"ನಾನ ಸರ್. ಅವ ಓದತಾನೇನ ನೋಡಾಕ..."

"ಅವ ಓದಲಿಲ್ಲ, ಅದು ಅಲಕ್ಷ್ಯ. ನೀವು ಗೊತ್ತಿದ್ದೂ ಸುಳ್ಳು ಬರದ್ರಿ. ಅಣುಸ್ಥಾವರದ ಕಾಗದದಾಗ. ಅದು ಅಪರಾಧ."

ಲೆಕ್ಕ ಇಬ್ಬರ ಕೈಯಿಂದಲೂ ಹೋಯಿತು. ನಿಮ್ಮನ್ನು ಕೆಲಸದಲ್ಲಿ ಏಕೆ ಉಳಿಸಿಕೊಳ್ಳಬೇಕು ಎಂಬುದಕ್ಕೆ ಐದರೊಳಗೆ ಲಿಖಿತ ಉತ್ತರ ಕೊಡಬೇಕೆಂದು ವಾಣಿಶ್ರೀಗೆ ನೋಟಿಸು ಬಂತು. ಇನ್ನು ಮುಂದೆ ಆಕೆಯ ಯಾವ ಕಾಗದವೂ ಪರಿಶೀಲನೆಯಿಲ್ಲದೆ ಮುಂದೆ ಹೋಗಕೂಡದು. ಪರಿಶೀಲಕ, ಲೋಹಿತ.

ತಪ್ಪೊಪ್ಪಿಗೆಯ ವಿನಯದ ಪತ್ರವೊಂದನ್ನು ವಾಣಿಶ್ರೀ ಹಲ್ಲು ಕಚ್ಚಿಕೊಂಡು ಬರೆದಿಟ್ಟಳು. ಆದರೆ ಒಳಗಿನ ಕುದಿ ಇಳಿಯಲಿಲ್ಲ. ಇನ್ನೊಂದನ್ನು ಬರೆದಳು. ಅದರಲ್ಲಿ ಲೋಹಿತ ಹೂಂ ಎಂದು ಕತ್ತು ಆಡಿಸುವ ಕೋಲೆಬಸವ, ಸಾಹೇಬರದು ತಟ್ಟಿದರೆ ಖಾಲಿ ಕೊಡದ ಸಪ್ಪಳ ಬರುವ ತಲೆ. ಇದನ್ನು ನೋಡಿ ಲೋಹಿತ ಚೇಳು ಕಡಿದವನಂತೆ ಹಾರಿ ಫೋನು ಮಾಡುತ್ತಾನೆ. ಓದಲು ಬರುತ್ತದಲ್ಲ ಮಗನೇ ಎಂದು ಚೆನ್ನಾಗಿ ನೀರಿಳಿಸಿ, ಆಮೇಲೆ ವಿನಯದ ಪತ್ರ ಕಳಿಸುವುದು. ಇದು ಆಕೆಯ ಹಂಚಿಕೆ. ತನ್ನನ್ನು ಬೈದದ್ದನ್ನಾದರೂ ಮನುಷ್ಯ ಓದದೆ ಇರುತ್ತಾನೆಯೇ?

ಐದಕ್ಕೆ ಹತ್ತು ನಿಮಿಷವಿರುವಾಗ ಬೈಗುಳದ ಪತ್ರವನ್ನು ಲೋಹಿತನಿಗೆ ಕಳಿಸಿದಳು. ನಾಲ್ಕು ನಿಮಿಷಕ್ಕೆ ಉತ್ತರ ಬಂತು.

"ಪರಿಶೀಲಿಸಿದೆ. ಆಕ್ಷೇಪವಿಲ್ಲ. ಸಾಹೇಬರಿಗೆ ಕಳಿಸಿದ್ದೇನೆ."

ದಾನವ್ವ ಆಕೆಯ ಬೆನ್ನು ಸವರಿದಳು. "ಅಂಜಬ್ಯಾಡ ಬಿಡವಾ. ಸಾಹೇಬ್ರರ ಎಲ್ಲಿ ಓದತಾರ?"

ವಾಣಿಶ್ರೀ ಫೋನಿನ ಕಡೆ ನೋಡಿದಳು. ಆ ಕಂಪನಿಯಲ್ಲಿ ಬಂದ ಕಾಗದವನ್ನು ಅಕ್ಷರ ಬಿಡದೆ ಓದುವವರು ಇಬ್ಬರೇ. ಒಬ್ಬಳು ವಾಣಿಶ್ರೀ. ಇನ್ನೊಬ್ಬರ ಫೋನು ಆಗ ಬರತೊಡಗಿತು.